ಟಿ.ವಿ.ಗೆ ಹೋದ ಸಿಳ್ಳೆ

ಬುಕ್ಕಾಪಟ್ಟಣದಾಚೆಯ ಹಟ್ಟಿಯ ಓಬಳಪ್ಪ ಹನ್ನೊಂದು ವರ್ಷದಿಂದ ಬೆಂಗಳೂರಿನಲ್ಲಿ ಸಂಗೀತ ಮಾಡುತ್ತಿದ್ದಾನೆ ಎಂಬುದನ್ನು ಹಟ್ಟಿಯವರೆಲ್ಲ ಒಪ್ಪಿದ್ದರು, ಅವನ ಅಪ್ಪ ಕ್ಯಾತಪ್ಪ ಒಬ್ಬನನ್ನು ಬಿಟ್ಟು. ಒಪ್ಪದಿರಲು ಕಾರಣವೂ ಇತ್ತೆನ್ನಿ. ಓಬಳಪ್ಪ ಮಾಡುತ್ತಿದ್ದುದು ಸಿನಿಮಾಗಳ ರೀರೆಕಾರ್ಡಿಂಗು. ನಾಯಕಿ ಕಿಟಕಿಯ ಹತ್ತಿರ ನಿಂತು ಅತ್ತರೆ ಪಿಟೀಲು, ಖಳನಾಯಕ ಮೆಟ್ಟಿಲಿಳಿದರೆ ಡ್ರಮ್ಮು. ಹಾಡುಗಳೆಲ್ಲ ದೊಡ್ಡವರ ಪಾಲು, ಬಿಕ್ಕಳಿಕೆಗಳೆಲ್ಲ ಇವನ ಪಾಲು.

ಮಗನ ಮೊದಲ ಸಿನಿಮಾವನ್ನು ಶಿರಾದ ಟೆಂಟಿನಲ್ಲಿ ನೋಡಿಬಂದು ಕ್ಯಾತಪ್ಪ ಕೇಳಿದ್ದ, "ಅದ್ರಾಗೆ ಯಾವ ಹಾಡ್ಲಾ ನಿಂದು?"

"ಹಾಡಲ್ಲ ಕಣಪ್ಪಯ್ಯ. ಯಾರೂ ಮಾತಾಡ್ದೆ ಇರೋವಾಗ ಹಿಂದ್ಗಡೆ ಸದ್ದು ಬರ್ತದಲ್ಲ, ಅದು."

"ಅಂಗಂದ್ರೆ ಗದ್ಲ ಮಾಡಕ್ಕೆ ನಿನ್ನ ಮಡಿಕ್ಕಂಡವ್ರೆ ಅನ್ನು."

ಆ ಮಾತು ಓಬಳಪ್ಪನ ಎದೆಯಲ್ಲಿ ಮುರಿದ ಮುಳ್ಳಾಗಿ ಉಳಿದುಬಿಟ್ಟಿತು. ನಾಲ್ಕು ಸಿನಿಮಾ ಮಾಡಿದ, ಅದರಲ್ಲಿ ಎರಡು ಬಿಡುಗಡೆಯೂ ಆದವು. ಹಲ್ಲುಪುಡಿಗೆ, ಪಂಪ್‌ಸೆಟ್ಟಿಗೆ ಜಾಹೀರಾತಿನ ಸಂಗೀತ ಕಟ್ಟಿದ. ಅಪ್ಪನ ಬಾಯಿಂದ ಮಾತ್ರ ಒಂದು "ಚೆನ್ನಾಗೈತೆ" ಹೊರಡಲಿಲ್ಲ. ಬದುಕಿನಲ್ಲಿ ಅವನಿಗೆ ಬೇಕಾಗಿದ್ದುದು ಅದೊಂದೇ.

ಎಂಬತ್ತೈದರ ಬೇಸಿಗೆಯಲ್ಲಿ ಅದೃಷ್ಟ ಖುಲಾಯಿಸಿತು. ಟಿ.ವಿ.ಯಲ್ಲಿ ವಾರಕ್ಕೆ ಮೂರು ಸಂಜೆ ಬರುವ ಹೊಸ ಕಾರ್ಯಕ್ರಮವೊಂದಕ್ಕೆ ಶುರುವಿನ ಸಂಗೀತ ಬೇಕಾಗಿತ್ತು. ಹಳ್ಳಿಯ ಕಾರ್ಯಕ್ರಮ, ಮಣ್ಣಿನ ವಾಸನೆ ಬರಬೇಕು ಎಂದರು ನಿರ್ಮಾಪಕರು. ಅವರು ಮಣ್ಣು ನೋಡಿದ್ದು ಹೂಕುಂಡದಲ್ಲಿ. ಓಬಳಪ್ಪ ಆರು ರಾಗ ನುಡಿಸಿದ, ಆರಕ್ಕೂ ಅವರು ಮೂಗು ಮುರಿದರು. ಬೇಸತ್ತು ಹೊರಗೆ ಹೋಗಿ ಕಾಫಿ ಆರಿಸಿಕೊಳ್ಳುತ್ತಾ ತನಗೇ ತಿಳಿಯದಂತೆ ಸಿಳ್ಳೆ ಹಾಕಿದ. ಮೂರು ಗಿಡ್ಡ, ಒಂದು ಉದ್ದ, ಕೊನೆಗೊಂದು ಸುರುಳಿ. ನಿರ್ಮಾಪಕರು ಬರಿಗಾಲಲ್ಲಿ ಓಡಿಬಂದು, "ಅದೇ ಕಣ್ರೀ, ಅದೇ!" ಎಂದರು. ಸಿಳ್ಳೆಗೆ ಒಂದು ಕೊಳಲು, ಒಂದು ತಬಲಾ, ಮೂರು ಪಿಟೀಲು ಸೇರಿಕೊಂಡವು. ಜನ ಮೆಚ್ಚಿದರೆ ಮುಂದಿನ ಧಾರಾವಾಹಿಯೂ ನಿಮಗೇ ಎಂದು ಬೆನ್ನು ತಟ್ಟಿದರು.

ಮೊದಲ ಪ್ರಸಾರವನ್ನು ಹಟ್ಟಿಯಲ್ಲೇ, ಅಪ್ಪನ ಪಕ್ಕದಲ್ಲೇ ಕೂತು ನೋಡಬೇಕೆಂದು ಓಬಳಪ್ಪ ಬಸ್ಸು ಹಿಡಿದು ಬಂದ. ಇದ್ದದ್ದು ಒಂದೇ ಟಿ.ವಿ., ಪಂಚಾಯ್ತಿಯದು. ಹಿಂದೆ ಕೂತವರಿಗೂ ಕೇಳಲಿ ಎಂದು ಮೈಕ್‌ಸೆಟ್ ಮುದ್ದಪ್ಪ ಅದಕ್ಕೊಂದು ಹಾರನ್ನು ಜೋಡಿಸಿ ಬೇವಿನ ಮರದ ನೆತ್ತಿಗೆ ಕಟ್ಟಿದ್ದ. ತಾಯಿ ಕರಿಯಕ್ಕ ಹೊಸ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಳು. ಬರಬೇಕಾದ ಕ್ಯಾತಪ್ಪ ಮಾತ್ರ ಬರಲಿಲ್ಲ. ಬೇಸಿಗೆಯಲ್ಲಿ ಕುರಿ ಹೊಟ್ಟೆ ತುಂಬ ಮೇಯುವುದೇ ಇಳಿಹೊತ್ತಿನ ತಂಪಿನಲ್ಲಿ, ಗದ್ದಲ ಕೇಳುವುದಕ್ಕೆ ಅದನ್ನು ಬಿಟ್ಟು ಬರಲಾಗುವುದಿಲ್ಲ ಎಂದು ಹೇಳಿಕಳಿಸಿದ್ದ.

ಆರು ಗಂಟೆಗೆ ಸಂಗೀತ ಮೊಳಗಿತು. ಜನ ಚಪ್ಪಾಳೆ ತಟ್ಟುವಷ್ಟರಲ್ಲಿ ಕುರುಚಲು ಕಾಡಿನ ಕಡೆಯಿಂದ ಧೂಳೆದ್ದಿತು. ಧೂಳಿನ ಹಿಂದೆಯೇ ಕುರಿ ಬಂದವು, ಹಟ್ಟಿಯ ಮುನ್ನೂರು ಚಿಲ್ಲರೆ ಕುರಿಯೂ. ಜನರ ತೊಡೆಯ ಮೇಲೆ, ಕರಿಯಕ್ಕನ ಹೊಸ ಸೀರೆಯ ಮೇಲೆ ಹಾದು ಟಿ.ವಿ.ಯ ಮುಂದೆ ಜಮಾಯಿಸಿದವು. ಒಂದು ಟಗರು ಪರದೆಯ ಮೇಲಿದ್ದ ಕೃಷಿ ತಜ್ಞರ ಮೂತಿ ಮೂಸಿತು. ಎಲ್ಲಕ್ಕಿಂತ ಹಿಂದೆ ಕ್ಯಾತಪ್ಪ ದೊಣ್ಣೆ ಹಿಡಿದು ಏದುಸಿರು ಬಿಡುತ್ತಾ ಬಂದ.

"ಯಾವನ್ಲಾ ಅವ್ನು ನನ್ನ ಕುರಿ ಕರ್ದೋನು?"

ಸಂಗೀತದೊಳಗಿದ್ದುದು ಕ್ಯಾತಪ್ಪನ ತಾತನ ಕಾಲದಿಂದ ಹಟ್ಟಿಯ ಮಂದೆಗೆಲ್ಲ ರೂಢಿಯಾಗಿ ಬಂದ ಸಿಳ್ಳೆ. ಆ ಸಿಳ್ಳೆ ಕೇಳಿದರೆ ಕುರಿ ಬಾಯಲ್ಲಿದ್ದ ಹುಲ್ಲು ಬಿಟ್ಟು ಬರುತ್ತಿದ್ದವು. ಮಂದೆಯಿಲ್ಲದವನು ಆ ಸಿಳ್ಳೆ ಹಾಕಿದರೆ ಹಟ್ಟಿಯಲ್ಲಿ ಅದು ಕುರಿ ಕದ್ದಷ್ಟೇ ತಪ್ಪು. ಓಬಳಪ್ಪನಿಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ. ಆದರೆ ಸ್ಟುಡಿಯೋದಲ್ಲಿ ಪಿಟೀಲಿನವರಿಗೆ ಸ್ವರ ಬರೆದುಕೊಡುವಾಗ ಕುರಿಯ ನೆನಪು ಯಾರಿಗೆ ಬರುತ್ತದೆ? ಅವನು ತಲೆ ತಗ್ಗಿಸಿ ಎದ್ದು ನಿಂತ. ಕ್ಯಾತಪ್ಪ ಮಗನ ಮುಖವನ್ನೇ ನೋಡಿ, ಕುರಿಗಳನ್ನು ಅಟ್ಟಿಕೊಂಡು ಹೋಗಿ ರೊಪ್ಪಕ್ಕೆ ಕೂಡಿದ. ಅರ್ಧ ಗಂಟೆಗೆ ಕಾರ್ಯಕ್ರಮ ಮುಗಿಯಿತು. ಮುಗಿಯುವಾಗಲೂ ಅದೇ ಸಂಗೀತ. ಕುರಿಗಳು ಮುಳ್ಳುಬೇಲಿ ಹಾರಿ ಇನ್ನೊಮ್ಮೆ ಬಂದವು.

ಹಾರನ್ನು ಬಿಚ್ಚಿದರೆ ಆಯಿತಲ್ಲ ಎಂದು ಮಾರನೆಯ ದಿನ ಮುದ್ದಪ್ಪ ಬಿಚ್ಚಿಯೂ ಬಿಟ್ಟ. ಆದರೆ ಹಾಳು ಸಂಗೀತ ಜನಕ್ಕೆ ಹಿಡಿಸಿಬಿಟ್ಟಿತ್ತು. ಸೌದೆಗೆ ಹೋದವರು ಸಿಳ್ಳೆ ಹಾಕಿದರು, ಸೈಕಲ್ಲಿನವರು ಹಾಕಿದರು, ಬೀಡಿ ಹಚ್ಚುವ ಮುಂಚೆ ಒಂದು, ಹಚ್ಚಿದ ಮೇಲೆ ಒಂದು. ಹಟ್ಟಿಯ ಕುರಿ ಹಗಲೆಲ್ಲ ಹುಚ್ಚು ಹಿಡಿದಂತೆ ಅಲ್ಲಿಂದಿಲ್ಲಿಗೆ ಓಡಿ ಸೊರಗಿದವು. ತಿಂಗಳಾಗುವಷ್ಟರಲ್ಲಿ ಬೆಂಗಳೂರಿಗೆ ಹಿಂದಿರುಗಿದ್ದ ಓಬಳಪ್ಪನಿಗೆ ಮುದ್ದಪ್ಪನ ಕಾಗದ ಬಂತು. 'ಸಿಳ್ಳೆಯ ನ್ಯಾಯಕ್ಕೆ ಹಟ್ಟಿಯ ಯಜಮಾನರೆಲ್ಲ ಸೇರುತ್ತಿದ್ದಾರೆ, ನೀನು ಬಾ.'

ದಾರಿಯುದ್ದಕ್ಕೂ ಓಬಳಪ್ಪ ಲೆಕ್ಕ ಹಾಕಿದ. ಸಂಗೀತ ತೆಗೆಸಿದರೆ ಮುಂದಿನ ಧಾರಾವಾಹಿ ಹೋಯಿತು, ತೆಗೆಸದಿದ್ದರೆ ಅಪ್ಪ ಹೋದ. ಬಸ್ಸು ಶಿರಾ ದಾಟುವ ಹೊತ್ತಿಗೆ ಧಾರಾವಾಹಿಯನ್ನು ಬಿಡುವುದೆಂದೇ ತೀರ್ಮಾನಿಸಿದ್ದ. ಯಜಮಾನರ ಮುಂದೆ ನಿಂತು, "ತಪ್ಪಾಯ್ತು ಅಪ್ಪಯ್ಯ. ತೆಗ್ಸಾಕ್ತೀನಿ," ಎಂದ.

"ಬ್ಯಾಡ," ಎಂದ ಕ್ಯಾತಪ್ಪ.

ಎಲ್ಲರೂ ಅವನತ್ತ ತಿರುಗಿದರು.

"ಮೊನ್ನೆ ಉಣ್ಣೆ ಮಾರಕ್ಕೆ ಸಿರಾಕ್ಕೋಗಿದ್ದೆ. ಬಸ್‌ಸ್ಟ್ಯಾಂಡ್ನಾಗೆ ಕಂಡಕ್ಟ್ರು, ಸಾಬ್ರ ಹುಡ್ಗ, ನಮ್ ತಾತನ ಸಿಳ್ಳೆ ಹಾಕ್ತಾ ಟಿಕೀಟು ಹರೀತಿದ್ದ. ಯಾರ್ದ್ಲಾ ಅದು ಅಂದೆ. ಟಿ.ವಿ.ದು ಅಂದ. ಅಲ್ಲ ಕಣ್ಲಾ, ನನ್ ಮಗಂದು ಅಂದೆ." ಕ್ಯಾತಪ್ಪ ಯಜಮಾನರನ್ನು ಬಿಟ್ಟು ಮಗನ ಕಡೆಗೆ ತಿರುಗಿದ. "ಅದು ಊರೂರಿಗೋಗಿಬುಡ್ತು, ಇನ್ನ ವಾಪಸ್ ಬರಾಕಿಲ್ಲ. ನನ್ ಕುರಿಗೆ ಬ್ಯಾರೆ ಕಟ್ಕೊಡು."

ಓಬಳಪ್ಪನಿಗೆ ಕಣ್ಣು ತುಂಬಿ ಬಂತು. ಆದರೆ ಕೆಲಸ ಕಣ್ಣೀರಿನಷ್ಟು ಸುಲಭವಿರಲಿಲ್ಲ. ಮರುದಿನದಿಂದ ಅಪ್ಪ ಮಗ ಇಬ್ಬರೂ ಮಂದೆಯ ಹಿಂದೆ ಹೊರಟರು. ಮಗ ಸಿಳ್ಳೆ ಹಾಕುವುದು, ಅಪ್ಪ ಜಾಲಿಕಾಯಿಯ ಚೀಲ ಅಲ್ಲಾಡಿಸುವುದು. ಕಾಯಿ ಕಂಡ ಕುರಿ ಬರುತ್ತಿದ್ದವು, ಬರೀ ಸಿಳ್ಳೆಗೆ ಕಿವಿಯನ್ನೂ ನಿಮಿರಿಸುತ್ತಿರಲಿಲ್ಲ. ಮೊದಲನೆಯದು ತೀರಾ ಉದ್ದವಾಯಿತು. ಎರಡನೆಯದು ಸಿನಿಮಾದ ಅಳುವಿನ ಹಾಗಿತ್ತು, ಕೇಳಿದ ಕುರಿ ಇನ್ನೂ ದೂರ ಹೋದವು. ಮೂರನೆಯದು ಕ್ಯಾತಪ್ಪನ ಬಾಯಲ್ಲಿ ಹೊರಡಲೇ ಇಲ್ಲ, ಮುಂದಿನ ಹಲ್ಲು ಎರಡು ಇರಲಿಲ್ಲವಲ್ಲ. ಬೆಂಗಳೂರಿನ ನಿರ್ಮಾಪಕರೇ ವಾಸಿ ಎನ್ನಿಸಿಬಿಟ್ಟಿತು ಓಬಳಪ್ಪನಿಗೆ.

ಒಂಬತ್ತನೆಯ ದಿನ ಎಲ್ಲ ಅಲಂಕಾರ ಬಿಟ್ಟು, ಅಪ್ಪನ ಹಲ್ಲಿನ ಸಂದಿಗೆ ಹೊಂದುವ ಹಾಗೆ ಎರಡೇ ಸ್ವರದಲ್ಲಿ ಕಟ್ಟಿದ. ಜಾಲಿಕಾಯಿಯ ಚೀಲ ಆಗಲೇ ಬರಿದಾಗಿತ್ತು. ಕ್ಯಾತಪ್ಪ ಬಂಡೆಯ ಮೇಲೆ ನಿಂತು, ತುಟಿ ಒದ್ದೆ ಮಾಡಿಕೊಂಡು ಊದಿದ. ಮುದಿ ಕುರಿಯೊಂದು ತಲೆಯೆತ್ತಿತು. ಹುಲ್ಲು ಬಿಟ್ಟು ಬಂತು. ಅದರ ಹಿಂದೆ ಇನ್ನೊಂದು, ಆಮೇಲೆ ಇಡೀ ಮಂದೆ.

ಓಬಳಪ್ಪ ಅಪ್ಪನ ಬಾಯಿಯನ್ನೇ ನೋಡಿದ. ಕ್ಯಾತಪ್ಪ ಕುರಿಗಳ ಬೆನ್ನು ಒಂದೊಂದಾಗಿ ಸವರಿ ಮುಗಿಸಿ, ಆಮೇಲೆ ದೊಣ್ಣೆಯೆತ್ತಿ ಮಗನಿಗೆ ತೋರಿಸಿದ.

"ಲೇ, ಇದ್ನೇನಾರ ಆ ಟಿ.ವಿ.ನೋರಿಗೆ ಕೊಟ್ಟಿ ಅಂದ್ರೆ, ಕಾಲ್ ಮುರ್ದಾಕ್ತೀನಿ."