ಮಳೆಯ ನಮಾಜಿಗೆ ಮುನ್ನ

ಮುಗಿಲಿನ ಬೀಗದ ಕೈಯನ್ನು ಯಾರಿಗೂ ಒಪ್ಪಿಸದೆ ತನ್ನಲ್ಲೇ ಇರಿಸಿಕೊಂಡಿರುವ ಆ ಕರುಣಾಳುವಿಗೆ ಮೊದಲ ವಂದನೆ. ಹಕ್ಕಿಗೂ ಒಂಟೆಗೂ ದೊರೆಗೂ ವಿಧವೆಗೂ ಬಾಯಾರಿಕೆಯನ್ನು ಸಮನಾಗಿ ಹಂಚಿದವನು ಅವನು; ನೀರನ್ನು ಅಸಮವಾಗಿ ಹಂಚಿಕೊಂಡವರು ನಾವು. ಅವನ ಪ್ರವಾದಿಯ ಮೇಲೆ ಶಾಂತಿ ನೆಲೆಸಲಿ. ಈ ಕಥೆಯನ್ನು ಹೇಳುವಾಗ ನನ್ನ ಸಿಟ್ಟು ನ್ಯಾಯದ ಗಡಿಯನ್ನು ದಾಟದಂತೆ ಅವನು ಕಾಯಲಿ. ಗಡಿಯೊಳಗೆ ಇರುವಷ್ಟು ಹೊತ್ತು ಅದು ಆರದಂತೆಯೂ ಅವನೇ ನೋಡಿಕೊಳ್ಳಲಿ.

ನಮ್ಮ ತಿಮಸ್ಲಾ ಊರು ಬದುಕಿರುವುದು ಖೆತ್ತಾರದಿಂದ. ಬೆಟ್ಟದ ಬುಡದ ತಾಯಿಬಾವಿಯಲ್ಲಿ ಹುಟ್ಟಿ, ನೆಲದಡಿಯ ಕತ್ತಲೆಯಲ್ಲೇ ಹರಿದು, ಖರ್ಜೂರದ ತೋಟಗಳ ತಲೆಯಲ್ಲಿ ಬೆಳಕು ಕಾಣುವ ಕಾಲುವೆ ಅದು. ತಾಯಿಬಾವಿಯ ಮೇಲ್ಗಡೆ, ಕೂಗಳತೆಯೊಳಗೆ, ಇನ್ನಾರೂ ಬಾವಿ ತೋಡಕೂಡದೆಂಬುದು ಹಿರಿಯರು ವಿಧಿಸಿದ ಕಟ್ಟು. ಧರ್ಮಶಾಸ್ತ್ರದ ಮತವೂ ಅದೇ. ಆ ಮೇಲ್ಗಡೆಯ ಬಯಲಿನಲ್ಲಿ ಈಗ ಕನ್ನಡಿಗಳು ಸಾಲುಗಟ್ಟಿ ನಿಂತಿವೆ. ಸೂರ್ಯನ ಶಾಖದಿಂದ ವಿದ್ಯುತ್ತು ತೆಗೆಯುವ ಕಂಪನಿಯೊಂದು ಅಲ್ಲಿಗೆ ಬಂತು. ಬಂದ ವರ್ಷವೇ ಬಾವಿ ಕೊರೆಯಿತು. ಕೇಳಿದ್ದಕ್ಕೆ, ಕೆಲಸಗಾರರ ಅಡಿಗೆಗೂ ಸ್ನಾನಕ್ಕೂ ಮಾತ್ರ ಈ ನೀರು, ಕನ್ನಡಿಗಳನ್ನು ಒಣ ಬ್ರಷ್ಷಿನಿಂದ ಒರೆಸುತ್ತೇವೆ ಎಂದಿತು. ಅಂದಿನಿಂದ ಖೆತ್ತಾರ ಕೃಶವಾಗುತ್ತಲೇ ಬಂತು. ಊರಿನವರು ದೂರು ಕೊಟ್ಟರು. ಕಣಿವೆಯ ನೀರಿನ ಕಚೇರಿಯಿಂದ ತನಿಖೆಯವರು ಬರುವವರಿದ್ದರು.

ಅಷ್ಟರಲ್ಲಿ ಮಳೆಯ ನಮಾಜಿಗೆ ರಾಜಧಾನಿಯಿಂದ ಅಪ್ಪಣೆಯಾಯಿತು. ತಿಮಸ್ಲಾದ ಮಸೀದಿಯಲ್ಲಿ ನಮಾಜು ನಡೆಸುವ ಫಕೀಹ ನಾನೇ. ಎರಡು ದಿನ ಮುಂಚೆ, ಕಂಪನಿಯ ಪರವಾಗಿ ಊರಿನವರೊಡನೆ ಮಾತಾಡುವ ನೌಫಲ್ ಎಂಬ ತರುಣ ನಮ್ಮ ಮನೆಗೆ ಬಂದ. ಸರದಿಯ ನೀರನ್ನು ಹಂಚುವ ಹಿರಿಯ ಮೊಹಾ ಆಗಲೇ ನನ್ನ ಬಳಿ ಕುಳಿತು ಚಹಾ ಕುಡಿಯುತ್ತಿದ್ದ.

"ಫಕೀಹರೇ, ನಮಾಜಿಗೆ ನಮ್ಮ ಕಡೆಯಿಂದ ಹೊರದೇಶದ ಅತಿಥಿಗಳು ಬರ್ತಿದಾರೆ. ಕ್ಯಾಮೆರಾನೂ ಇರತ್ತೆ," ಎಂದ ನೌಫಲ್. "ಪ್ರವಚನದಲ್ಲಿ ಎರಡೇ ಎರಡು ಮಾತು ಸೇರಿಸಿಬಿಡಿ. ಜಗತ್ತಿನ ಹವಾಮಾನ ಕೆಟ್ಟಿದೆ, ಅದಕ್ಕೇ ಖೆತ್ತಾರ ಬತ್ತಿದೆ. ಅಷ್ಟೇ."

"ಮೂರನೇದೂ ಸೇರಿಸ್ಲಿ ಬಿಡಪ್ಪ," ಎಂದ ಮೊಹಾ. "ಮೇಲ್ಗಡೆ ಬಾವಿ ಕೊರೆದವರು ಸಂತರು, ಅವರಿಗೊಂದು ಗೋರಿ ಕಟ್ಟಿ ಅಂತ."

"ದಾದಾ ಮೊಹಾ, ತಮಾಷೆ ಬೇಡ. ನೀವು ಚಿಕ್ಕೋರಿದ್ದಾಗ ಅಟ್ಲಾಸ್ ಬೆಟ್ಟದ ಮೇಲೆ ಹಿಮ ಯಾವಾಗಿನವರೆಗೂ ಇರ್ತಿತ್ತು?"

"ಬಾರ್ಲಿ ಕೊಯ್ಲಿನವರೆಗೂ ಇರ್ತಿತ್ತು."

"ಈಗ?"

"ಈಗೆಲ್ಲಿದೆ ಹಿಮ?"

"ನೋಡಿ, ನೀವೇ ಒಪ್ಕೊಂಡ್ರಿ. ಹಿಮ ಇಲ್ಲ ಅಂದ್ಮೇಲೆ ನೆಲದಡಿ ನೀರೆಲ್ಲಿಂದ ಬರ್ಬೇಕು? ಕಲ್ಲಿದ್ದಲು ಸುಡೋದು ನಿಲ್ಲದೇ ಹೋದ್ರೆ ನಮ್ಮ ಬಾವಿ ಇದ್ರೂ ಒಂದೇ, ಮುಚ್ಚಿದ್ರೂ ಒಂದೇ. ಮೊದಲು ಆಕಾಶ ಸರಿಹೋಗ್ಲಿ, ನೀರಿನ ಮಾತು ಆಮೇಲೆ. ಎರಡನ್ನೂ ಒಟ್ಟಿಗೆ ಮಾಡೋಕಾಗಲ್ಲ. ಯಾವುದಾದ್ರೂ ಒಂದನ್ನ ಮುಂದಿಡ್ಲೇಬೇಕು."

"ಆಕಾಶ ಸರಿಹೋಗೋವರೆಗೂ ಗಂಟಲಿಗೆ ಏನು ಹಾಕ್ಕೊಳ್ಳೋಣ? ನಿಮ್ಮ ಕರೆಂಟಾ?" ಎಂದ ಮೊಹಾ.

ಹಿಮದ ಮಾತು ಸುಳ್ಳಲ್ಲವೆಂಬುದನ್ನು ನಾನು ಬಲ್ಲೆ. ನನ್ನ ಕಣ್ಣೆದುರೇ ಬೆಟ್ಟಗಳು ಬೋಳಾಗಿವೆ. ನನಗೆ ಕೋಪ ಬಂದದ್ದು ಬೇರೊಂದು ಕಾರಣಕ್ಕೆ. ಒಬ್ಬನೇ ಸೃಷ್ಟಿಸಿದ ಆಕಾಶವನ್ನೂ ನೆಲವನ್ನೂ ಈ ಜನ ವಾದಿ ಪ್ರತಿವಾದಿಗಳಂತೆ ಎದುರುಬದುರು ನಿಲ್ಲಿಸಿ, ಆಕಾಶದ ಪರವಾಗಿ ಸಾಕ್ಷಿ ನುಡಿಯೆಂದು ನನ್ನನ್ನು ಕರೆಯುತ್ತಿದ್ದರು. ಆಕಾಶ ಹಾಗೆಂದು ಯಾರನ್ನೂ ಕೇಳಿಕೊಂಡಿರಲಿಲ್ಲ.

"ಮಗನೇ," ಎಂದೆ, "ಜ್ವರ ಬಂದವನಿಗೆ ಔಷಧ ತರ್ತೀನಿ ಅಂತ ಹೊರಟವನು, ಅವನ ತಲೆದೆಸೇಲಿದ್ದ ನೀರಿನ ಕೊಡಾನೂ ಎತ್ಕೊಂಡು ಹೋಗ್ತಾನಾ?"

"ಕನ್ನಡಿಗೆ ನಾವು ಒಂದು ಹನಿ ನೀರೂ ಹಾಕಲ್ಲ ಫಕೀಹರೇ. ಎಲ್ಲಾ ಒಣ ಬ್ರಷ್ಷು."

ಚಹಾದಲ್ಲಿ ಸಕ್ಕರೆ ಸಾಕೆನ್ನಲೂ ದೇವರ ಮೇಲೆ ಆಣೆ ಇಡುವ ಸೀಮೆ ನಮ್ಮದು. ಆತ ಆಣೆ ಇಡಲಿಲ್ಲ.

ಅವನು ಹೊರಟ ಮೇಲೆ ಮೊಹಾ ನನ್ನ ಮೊಣಕಾಲನ್ನು ಹಿಡಿದುಕೊಂಡ. "ನೀವು ಆ ಮಾತು ಆಡಿದ್ರೆ ಮುಗೀತು ಫಕೀಹರೇ. ಪ್ರವಚನಪೀಠದಿಂದ ಬಂದಿದ್ದನ್ನ ಊರು ಸುಮ್ಮನೆ ಕೇಳಿಸ್ಕೊಂಡ್ರೆ ಅದು ಊರಿನ ಸಾಕ್ಷಿ. ತನಿಖೆಯವರು ಬಂದು, 'ನಿಮ್ಮವರೇ ಒಪ್ಕೊಂಡಿದಾರಲ್ಲ' ಅಂತ ಬಾವಿನ ಕಂಪನಿಗೇ ಬಿಟ್ಟು ಹೋಗ್ತಾರೆ. ಆ ತೂದಾ ಗತಿ ಏನು?"

ತೂದಾ ವಿಧವೆ, ಅವಳ ತೋಟ ಕಾಲುವೆಯ ಬಾಲದಲ್ಲಿದೆ. ಅವಳ ಸರದಿ ಬರುವ ಹೊತ್ತಿಗೆ ಒದ್ದೆ ಮರಳಷ್ಟೇ ಉಳಿದಿರುತ್ತಿತ್ತು. ಅವಳ ಆಚೀಚಿನ ತೋಟದವರು ಮರಗಳನ್ನು ಸಾಯಲು ಬಿಟ್ಟು ನಗರದಂಚಿನ ತಗಡಿನ ಮನೆಗಳಿಗೆ ಹೋಗಿಯಾಗಿತ್ತು. ಈ ಬೇಸಿಗೆಯೂ ಹೀಗೇ ಕಳೆದರೆ ಅವಳಿಗೂ ಬೇರೆ ದಾರಿ ಇರಲಿಲ್ಲ.

ಮಳೆಯ ನಮಾಜಿನ ಹಿಂದಿನ ದಿನ ನಮ್ಮ ಹೆಂಗಸರಿಗೆ ಅವರದೇ ಒಂದು ಆಚರಣೆಯಿದೆ. ಮರದ ಸೌಟಿಗೆ ಮದುಮಗಳ ಉಡುಪು ತೊಡಿಸಿ, ತಘೊಂಜಾ ಎಂದು ಕರೆದು, ಹಾಡುತ್ತ ಮನೆಯಿಂದ ಮನೆಗೆ ಒಯ್ಯುತ್ತಾರೆ. ಪ್ರತಿ ಮನೆಯವರೂ ಅವಳ ತಲೆಯ ಮೇಲೆ ನೀರು ಸುರಿಯಬೇಕು. ಮದುಮಗಳನ್ನು ಒಣಗಿದ ತಲೆಯಲ್ಲಿ ಹಿಂದೆ ಕಳಿಸಿದ ಮನೆ ಕಣಿವೆಯಲ್ಲೆಲ್ಲ ಮಾನ ಕಳೆದುಕೊಳ್ಳುತ್ತದೆ. ಶಾಸ್ತ್ರ ಇದನ್ನು ಒಪ್ಪದು. ನನ್ನ ಗುರುಗಳು ಅಂದು ಕಿಟಕಿ ಮುಚ್ಚಿ ಓದುತ್ತ ಕುಳಿತಿರುತ್ತಿದ್ದರು. ನಾನೂ ಅದನ್ನೇ ರೂಢಿಸಿಕೊಂಡಿದ್ದೇನೆ.

ಆ ಮಧ್ಯಾಹ್ನ ಯಾರೋ ಕಿಟಕಿಯನ್ನು ಬಡಿದರು.

"ಫಕೀಹರೇ, ಕಿಟಕಿ ತೆಗೀರಿ. ಶಾಸ್ತ್ರ ಆಮೇಲೆ ಓದ್ಕೊಳ್ಳಿ."

ತೂದಾ. ಅವಳ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹಿಂದಿದ್ದ ಹೆಂಗಸರೂ ತೊಯ್ದು ತೊಪ್ಪೆಯಾಗಿದ್ದರು. ಮೋಡವಿಲ್ಲದ ಆಕಾಶವನ್ನೊಮ್ಮೆ ನೋಡಿ, "ಏನಿದು ಲಲ್ಲಾ ತೂದಾ?" ಎಂದೆ.

"ಕಂಪನಿ ಗೇಟಿಗೆ ಹೋಗಿದ್ವಿ. ಅದೂ ಒಂದು ಮನೇನೇ ಅಲ್ವಾ? ಕಾವಲುಗಾರ ಸಕ್ಕೂ ಇದಾನಲ್ಲ, ಮೇಲಿನ ಹಳ್ಳಿಯೋನು. ಮದುಮಗಳಿಗೆ ನೀರು ಹಾಕಪ್ಪಾ ಅಂದ್ವಿ. ಪಾಪ, ಬೆವತು ಹೋದ. ವಾಪಸ್ ಕಳಿಸಿದ್ರೆ ಅವರಮ್ಮ ಮನೆ ಒಳಗೆ ಸೇರಿಸ್ತಾಳಾ? ಲೋಟ ಹುಡುಕ್ದ, ಸಿಗ್ಲಿಲ್ಲ. ಅಲ್ಲೇ ನಿಂತಿದ್ದ ಟ್ಯಾಂಕರಿನ ಪೈಪು ಎಳೆದು ಬಿಟ್ಟ ನೋಡಿ! ಮದುಮಗಳ ತಲೆಬಟ್ಟೆನೇ ಹಾರಿಹೋಯ್ತು."

ಹಿಂದೆ ಯಾರೋ ಕಿಸಕ್ಕೆಂದರು. ತೂದಾ ನಗಲಿಲ್ಲ.

"ಮೊದಲು ಎಲ್ಲರೂ ನಕ್ಕರು. ಆಮೇಲೆ ನಗು ನಿಂತೋಯ್ತು, ಪೈಪು ಮಾತ್ರ ನಿಲ್ಲಲೇ ಇಲ್ಲ. ಯಾತಕ್ಕಪ್ಪಾ ಇಷ್ಟೊಂದು ನೀರು ಅಂತ ಕೇಳ್ದೆ. 'ಕನ್ನಡಿ ತೊಳೆಯೋಕೆ ಲಲ್ಲಾ, ನಮ್ಮ ಬಾವೀದೇ, ದಿನಾ ತುಂಬಿಸ್ತೀವಿ' ಅಂದ. ಖುಷಿಯಾಗಿ ಅಂದ! ಮಾನ ಉಳೀತಲ್ಲ ಅಂತ. ವರ್ಷದಿಂದ ನನ್ನ ಮರಗಳಿಗೆ ಇಷ್ಟು ನೀರು ಸಿಕ್ಕಿಲ್ಲ ಫಕೀಹರೇ. ನನ್ನ ಮೈಮೇಲೆ ಬಿತ್ತು. ಶಾಲು ಹಿಂಡಿ ಒಂದು ಮರದ ಬುಡಕ್ಕೆ ಹಾಕಿ ಬಂದೆ. ನಾಳೆ ನೀವು ಅಲ್ಲಿ ನಿಂತು ಆಕಾಶದ ತಪ್ಪು ಅಂತೀರಾ?"

ಕಿಟಕಿಯನ್ನು ನಾನು ಮತ್ತೆ ಮುಚ್ಚಲಿಲ್ಲ. ಓದುತ್ತಿದ್ದುದನ್ನು ಮುಚ್ಚಿದೆ.

ಮಳೆಯ ನಮಾಜನ್ನು ನಾವು ಬಯಲಿನಲ್ಲಿ, ಬರಿಗಾಲಿನಲ್ಲಿ, ಹಳೆಯ ಬಟ್ಟೆಯಲ್ಲಿ ಮಾಡುತ್ತೇವೆ; ಬೇಡುವವರು ಬೇಡುವವರಂತೆ ಕಾಣಬೇಕು. ಮರುದಿನ ಆ ಬಯಲಿನ ಪಕ್ಕದಲ್ಲೇ ಬಿಳಿಯ ಡೇರೆ ಎದ್ದಿತ್ತು. ಅದರೊಳಗೆ ಅತಿಥಿಗಳು, ಮಂಜುಗಡ್ಡೆಯಲ್ಲಿ ಹೂತಿಟ್ಟ ನೀರಿನ ಬಾಟಲಿಗಳು, ಸರ್ಕಾರದ ಅಧಿಕಾರಿ. ನೌಫಲ್ ಮಾತ್ರ ಹಳೆಯ ಜೆಲ್ಲಾಬಾ ನಿಲುವಂಗಿ ತೊಟ್ಟು ಬರಿಗಾಲಿನಲ್ಲಿ ನಮ್ಮ ಸಾಲಿಗೆ ಬಂದು ನಿಂತಿದ್ದ. ಆ ಒಂದು ಕಾರಣಕ್ಕೆ ನಾನು ಅವನನ್ನು ಇಂದಿಗೂ ಪ್ರಾರ್ಥನೆಯಲ್ಲಿ ನೆನೆಯುತ್ತೇನೆ.

"ಸಾಲು ನೇರ ಮಾಡಿಕೊಳ್ಳುವ ಮುನ್ನ ಒಂದು ವಿಧಿಯಿದೆ," ಎಂದೆ. "ಮಳೆ ಬೇಡುವವನು ಮೊದಲು ಕಸಿದುಕೊಂಡದ್ದನ್ನು ಹಿಂದಿರುಗಿಸಬೇಕು. ಇದನ್ನು ನಾವು ಬಾಯಿಮಾತಿಗೆ ಹೇಳಿ ಮುಂದೆ ಹೋಗುತ್ತಿದ್ದೆವು. ಇಂದು ಹಾಗಾಗದು. ಯಾರ ಬಳಿ ಯಾರದ್ದು ಇದೆ, ಹೇಳಿ."

ಮೊದಲು ಕೆಮ್ಮಿದವನು, ನಾನು ನಿರೀಕ್ಷಿಸದಿದ್ದ ಮೊಹಾ.

"ಲಲ್ಲಾ ತೂದಾ ಸರದೀಲಿ... ನನ್ನ ಅಳಿಯನ ತೋಟಕ್ಕೆ ಸ್ವಲ್ಪ ತಿರುಗಿಸಿದ್ದೆ. ಒಂದ್ಸಲ."

"ಒಂದೇ ಸಲಾನಾ ದಾದಾ ಮೊಹಾ?" ಹೆಂಗಸರ ಸಾಲಿನಿಂದ ತೂದಾಳ ದನಿ ಬಂತು.

"...ಬೇಸಿಗೆಯೆಲ್ಲಾ."

"ಹಾಗನ್ನು. ಗೊತ್ತಿತ್ತು ಮಹಾರಾಯ, ಬಾಯಿಬಿಡ್ಲಿ ಅಂತ ಕಾಯ್ತಿದ್ದೆ."

ನಗೆಯೆದ್ದಿತು, ಅದರೊಡನೆ ಇನ್ನಷ್ಟು ಬಾಯಿಗಳೂ ತೆರೆದವು. ಒಬ್ಬ ಗಡಿಕಲ್ಲು ಸರಿಸಿದ್ದ, ಇನ್ನೊಬ್ಬ ತಂಗಿಯ ಪಾಲಿನ ಖರ್ಜೂರ ಕೊಯ್ದುಕೊಂಡಿದ್ದ. ಎಲ್ಲ ಮುಗಿದ ಮೇಲೆ ನಾನು ಕನ್ನಡಿಗಳ ಕಡೆಗೆ ತಿರುಗಿ, "ಇನ್ನು ತಾಯಿಬಾವಿಯ ಮೇಲಿನ ಬಾವಿ," ಎಂದೆ.

ಅಧಿಕಾರಿ ಡೇರೆಯಿಂದ ಧಾವಿಸಿ ಬಂದ. "ಫಕೀಹರೇ, ಇದು ನೀರಿನ ಕಚೇರಿಯ ವಿಷಯ. ನಮಾಜು ಶುರು ಮಾಡಿ. ಅತಿಥಿಗಳು ಕಾಯ್ತಿದಾರೆ."

"ಕದ್ದ ಗಂಟನ್ನ ಕಂಕುಳಲ್ಲಿ ಇಟ್ಕೊಂಡು ಕೈ ಎತ್ತೋಕಾಗಲ್ಲ ಸಿದಿ," ಎಂದು ನಾನು ನೆಲದ ಮೇಲೆ ಕುಳಿತೆ. ನನ್ನ ಹಿಂದೆ ಇಡೀ ಊರು ಕುಳಿತ ಸದ್ದು ಕೇಳಿಸಿತು.

ಡೇರೆಯಲ್ಲಿ ಒಬ್ಬ ಅತಿಥಿ, ಇದೂ ನಿಮ್ಮ ವಿಧಿಯ ಭಾಗವೇ ಎಂದು ದುಭಾಷಿಯನ್ನು ಕೇಳಿದನಂತೆ. ಹೌದೆಂದು ಹೇಳಿ ಆತ ಹಣೆ ಒರೆಸಿಕೊಂಡನಂತೆ. ಪಾಪ, ಆತ ಹೇಳಿದ್ದು ಸತ್ಯ.

ಅಧಿಕಾರಿ ದನಿ ತಗ್ಗಿಸಿದ. "ನಿಮಗೆ ಹವಾಮಾನದ ಚಿಂತೆಯೇ ಇಲ್ವಾ? ಇಡೀ ಜಗತ್ತಿನ ಪ್ರಶ್ನೆ ಇದು!"

ಆಗ ನನ್ನ ತಾಳ್ಮೆಯ ಕಟ್ಟೆಯೊಡೆಯಿತು. "ಜಗತ್ತು ಅಂದ್ರೆ ಯಾವುದು ಸಿದಿ? ಈ ತೂದಾಳ ತೋಟ ಅದರ ಒಳಗಿದೆಯೋ ಹೊರಗಿದೆಯೋ? ಹೊಗೆ ಉಗುಳಿದವರು ಇವಳ ಹಿಮ ತಿಂದರು. ಹೊಗೆ ನಿಲ್ಲಿಸ್ತೀವಿ ಅಂತ ಬಂದವರು ಇವಳ ಬಾವಿ ಕುಡಿದರು. ಈಗ ಇಬ್ಬರೂ ಸೇರಿ, ಯಾವುದು ದೊಡ್ಡ ಕಷ್ಟ ಅಂತ ಇವಳ ತಲೆ ಮೇಲೆ ಕೂತು ಚರ್ಚೆ ಮಾಡ್ತೀರಿ. ಕನ್ನಡಿ ಬೇಡ ಅಂದವರಾರು? ಆಕಾಶದ ಹೆಸರು ಹೇಳಿ ನೆಲವನ್ನ ದೋಚಬೇಡಿ ಅಂದೆವು. ಸುಳ್ಳು ಹೇಳಬೇಡಿ ಅಂದೆವು. ಅದಕ್ಕೂ ಮುಂಚೆ ಆಕಾಶ ಸರಿಹೋಗಬೇಕಾ?"

ಅಧಿಕಾರಿ ನೌಫಲ್‌ನ ಕಡೆ ನೋಡಿದ. "ನೀನೇ ಹೇಳಪ್ಪ, ಒಣ ಬ್ರಷ್ಷು ಅಂತ."

ನೌಫಲ್ ಕುಳಿತಲ್ಲಿಂದ ಎದ್ದ. ಹಿಂದಿನ ದಿನ ಗೇಟಿನಲ್ಲಿ ನಡೆದದ್ದು ಅವನ ಕಿವಿಗೂ ಬಿದ್ದಿತ್ತು. ಸಕ್ಕೂವಿನ ಕೆಲಸ ಅಂದೇ ಸಂಜೆ ಹೋಗಿತ್ತು. "ಬ್ರಷ್ಷು ಕನ್ನಡಿಗೆ ಗೀರು ಹಾಕ್ತಿತ್ತು," ಎಂದ. "ಗೋದಾಮಲ್ಲಿ ಬಿದ್ದಿವೆ. ಮೊದಲಿಂದ್ಲೂ ಬಾವಿ ನೀರಲ್ಲೇ ತೊಳೀತಿದೀವಿ. ಹೇಳಬೇಡ ಅಂದ್ರು, ಹೇಳಲಿಲ್ಲ." ನಂತರ ಡೇರೆಯ ಕಡೆ ತಿರುಗಿ, ಕ್ಯಾಮೆರಾದ ಎದುರು, ಅದನ್ನೇ ಅತಿಥಿಗಳ ಭಾಷೆಯಲ್ಲಿ ಇನ್ನೊಮ್ಮೆ ಹೇಳಿದ.

ನಮ್ಮ ದೂರನ್ನು ವರ್ಷಗಟ್ಟಲೆ ಕೇಳಿಸಿಕೊಳ್ಳದ ಅಧಿಕಾರಿಗೆ ಆ ಕ್ಯಾಮೆರಾದ ಕಣ್ಣು ಮಾತ್ರ ಚೆನ್ನಾಗಿ ಕಾಣಿಸಿತು. ತನಿಖೆ ಮುಗಿಯುವವರೆಗೆ ಪಂಪಿಗೆ ಮೊಹರು ಹಾಕಿಸುವುದಾಗಿ ಅಲ್ಲೇ ಘೋಷಿಸಿದ. ಮೊಹಾ ಜನರನ್ನು ಕರೆದುಕೊಂಡು ಪಂಪಿನ ಬಳಿಗೆ ಹೋದ. ಮೊಹರು ಬಿದ್ದದ್ದನ್ನು ಕಣ್ಣಾರೆ ಕಂಡು ಮರಳಿ ಬರುವವರೆಗೆ ನಾವು ಬಿಸಿಲಿನಲ್ಲೇ ಕುಳಿತಿದ್ದೆವು. ಆಮೇಲೆ ಎದ್ದು ಸಾಲು ನೇರ ಮಾಡಿಕೊಂಡು ನಮಾಜು ಮಾಡಿದೆವು. ಮೇಲಂಗಿಗಳನ್ನು ತಿರುವಿ ಹಾಕಿಕೊಂಡು, ನಮ್ಮ ಸ್ಥಿತಿಯನ್ನೂ ಹೀಗೆ ತಿರುವು ಎಂದು ಕೈಯೆತ್ತಿ ಬೇಡಿದೆವು. ನನ್ನ ಹಿಂದಿನ ಸಾಲಿನಲ್ಲಿ ನೌಫಲ್ ಬಿಕ್ಕುತ್ತಿದ್ದ.

ಮಳೆ ಬರಲಿಲ್ಲ. ಮರುವಾರ ನನ್ನನ್ನು ಪ್ರವಚನಪೀಠದಿಂದ ಇಳಿಸಿದರು. ಈಗ ಅಲ್ಲಿ ಬೇರೊಬ್ಬರಿದ್ದಾರೆ, ನಾನು ಅವರ ಹಿಂದಿನ ಸಾಲಿನಲ್ಲಿ ನಿಲ್ಲುತ್ತೇನೆ. ನೌಫಲ್ ಕೆಲಸ ಕಳೆದುಕೊಂಡು ತನ್ನ ನಗರಕ್ಕೆ ಮರಳಿದ. ತನಿಖೆಯವರು ಬಂದರು, ಅಳೆದರು, ಬಾವಿಯನ್ನು ಮುಚ್ಚಿಸಿದರು. ಕಂಪನಿ ಈಗ ನಗರದ ಕೊಳಚೆಯನ್ನು ಶುದ್ಧಗೊಳಿಸಿದ ನೀರನ್ನು ಕೊಳವೆಯಲ್ಲಿ ತರಿಸಿಕೊಂಡು ಕನ್ನಡಿ ತೊಳೆಯುತ್ತದೆ. ಕನ್ನಡಿಗಳು ಹೊಳೆಯುತ್ತಲೇ ಇವೆ, ವಿದ್ಯುತ್ತು ಹರಿಯುತ್ತಲೇ ಇದೆ. ಎರಡನ್ನೂ ಒಟ್ಟಿಗೆ ಮಾಡಲಾಗದು ಎಂದಿದ್ದರಲ್ಲ! ಆಗದ್ದೇನೂ ಇರಲಿಲ್ಲ, ಕೊಳವೆಗೆ ಖರ್ಚು ತಗಲುತ್ತಿತ್ತು, ತೂದಾಳ ನೀರಿಗೆ ತಗಲುತ್ತಿರಲಿಲ್ಲ. ಇಷ್ಟನ್ನೇ ಅವರು ಜಗತ್ತಿನ ಮಹಾಪ್ರಶ್ನೆಯ ಉಡುಪು ತೊಡಿಸಿ ನಮ್ಮ ಬಾಗಿಲಿಗೆ ಕಳಿಸಿದ್ದರು.

ಮೊಹಾ ಆ ಬೇಸಿಗೆಯಲ್ಲಿ ತನ್ನ ಅಳಿಯನ ಸರದಿಯನ್ನೂ ತೂದಾಳ ತೋಟಕ್ಕೇ ಬಿಟ್ಟ. ಬೆಟ್ಟದ ಮೇಲೆ ಹಿಮ ಇನ್ನೂ ಕಾಣದು. ಆ ಜಗಳ ಹೊಗೆ ಉಗುಳುವ ದೂರದವರೊಡನೆ ಇನ್ನೂ ಬಾಕಿಯಿದೆ. ಆದರೆ ಕಳೆದ ತಿಂಗಳು ಕಾಲುವೆಯ ಬಾಲದಲ್ಲಿ ನೀರು ಹರಿಯಿತು. ತೂದಾ ನಗರಕ್ಕೆ ಹೋಗಲಿಲ್ಲ.

ಈ ಕಥೆಯನ್ನು ಕೇಳಿದವರೆಲ್ಲರ ಬಾವಿಗಳನ್ನು ಒಡೆಯನು ತುಂಬಿಸಲಿ. ನಿಮ್ಮ ಬೆಟ್ಟಗಳಿಗೆ ಅವುಗಳ ಹಿಮವನ್ನೂ, ನಿಮ್ಮ ಕಾಲುವೆಯ ಕೊನೆಯ ಮರಕ್ಕೆ ಅದರ ಪಾಲನ್ನೂ ದಯಪಾಲಿಸಲಿ. ನಿಮ್ಮ ನೀರನ್ನು ಯಾರೂ ಕಸಿಯದಿರಲಿ, ನಿಮ್ಮ ಕೈ ಯಾರ ನೀರನ್ನೂ ಕಸಿಯದಿರಲಿ. ಆಮೀನ್.