ಅಳಿಸಿ ಹಾಕಿದ ಮಾತು

ಪದ್ಮಯ್ಯ ಮಾವನ ಬಲಗೈಯನ್ನು ಯಂತ್ರದ ಬಾಯಿಂದ ಬಿಡಿಸಲು ಅದರ ಮೇಲಿನ ತಗಡನ್ನೇ ಸ್ಪ್ಯಾನರಿನಿಂದ ಕಳಚಬೇಕಾಯಿತು. ಅಡಿಕೆ ಸುಲಿಯುವ ಯಂತ್ರಕ್ಕೆ ಅಡಿಕೆಯೂ ಒಂದೇ, ಬೆರಳೂ ಒಂದೇ. ಎರಡು ಬೆರಳು ಸಿಪ್ಪೆಯ ಜೊತೆ ಆಚೆ ಹೋಗಿ ಬಿದ್ದಿದ್ದವು, ಇನ್ನೊಂದು ಚರ್ಮದಲ್ಲಿ ನೇತಾಡುತ್ತಿತ್ತು. ಮಾವ ಕಿರುಚಲಿಲ್ಲ. ನಾನು ಮೈನ್ ಸ್ವಿಚ್ ಇಳಿಸಿದ ಮೇಲೂ ಹಲ್ಲು ಕಚ್ಚಿಕೊಂಡು ಎಡಗೈ ಮುಷ್ಟಿಯಿಂದ ಯಂತ್ರದ ಹೊಟ್ಟೆಗೆ ಗುದ್ದುತ್ತಲೇ ಇದ್ದರು. ಮರ್ಕಂಜದ ಈ ಮಾವ ನನ್ನ ತಾಯಿಯ ತಮ್ಮ, ಬಲು ಸಮಾಧಾನಿ. ಕುಟುಂಬದ ಸಿಟ್ಟೆಲ್ಲ ಉಲ್ಲಾಸನ ಪಾಲಿಗೇ ಬಂದಿದೆ ಎಂದು ನನ್ನನ್ನು ಎಲ್ಲರೂ ಛೇಡಿಸುವುದುಂಟು.

ಆದದ್ದು ಇಷ್ಟು. ಬೆಳಿಗ್ಗೆ ಸುಲಿಯುತ್ತಿರುವಾಗ ಕರೆಂಟು ಹೋಯಿತು. ಯಂತ್ರ ನಿಂತಿತು. ನಮ್ಮ ಕಡೆ ಕರೆಂಟು ಹೋಗುವುದು ದಿನದ ಸಂಗತಿ, ಆ ಹೊತ್ತಿನಲ್ಲಿ ಯಂತ್ರದ ಗಂಟಲಿಗೆ ಕೈ ಹಾಕಿ ಸಿಕ್ಕಿಕೊಂಡ ಸಿಪ್ಪೆ ಎಳೆಯುವುದೂ ದಿನದ ಸಂಗತಿ. ಎಲ್ಲರೂ ಮಾಡುತ್ತಾರೆ. ಮಾವ ಮೊಣಕೈವರೆಗೆ ಕೈ ಇಳಿಸಿದ್ದರು. ಕರೆಂಟು ಬಂತು. ಯಾರೂ ಸ್ವಿಚ್ ಒತ್ತಲಿಲ್ಲ, ಯಂತ್ರ ತಾನಾಗಿ ಓಡಿತು.

ಅದು ಓಡಬಾರದು. ಒಮ್ಮೆ ನಿಂತ ಯಂತ್ರವನ್ನು ಮನುಷ್ಯನೇ ಬಂದು ಚಾಲೂ ಮಾಡಬೇಕು. ಗೋಡೆಯ ಮೇಲೆ ಒಂದು ಹೊಸ ಪ್ಲಾಸ್ಟಿಕ್ ಡಬ್ಬಿ ಕಂಡಿತು. ಮುಚ್ಚಳ ಕಿತ್ತು ನೋಡಿದೆ. ಒಳಗೆ ಅಂಗೈಯಗಲದ ಬೋರ್ಡ್. ಇಂಥ ಬೋರ್ಡುಗಳಿಗೆ ಪ್ರೋಗ್ರಾಮ್ ಬರೆಯುವುದೇ ಸುಳ್ಯದಲ್ಲಿ ನನ್ನ ಹೊಟ್ಟೆಪಾಡು, ನೋಡಿದ ಕೂಡಲೇ ಏನಾಗಿದೆ ಎಂದು ತಿಳಿಯಿತು. ಮೈಯೆಲ್ಲ ಉರಿದುಹೋಯಿತು. ಹಾಕಿದವರು ಯಾರೆಂದು ಕೇಳಲು ತಿರುಗಿದರೆ ಮಾವನ ಮಗಳು ಭವಿತಾ ಗೋಡೆಗೆ ಒರಗಿ ನಿಂತಿದ್ದಳು. ಅವಳ ಮುಖ ನೋಡಿ ಕೇಳುವುದೇ ಬೇಡವಾಯಿತು.

ಜೀಪಿನಲ್ಲಿ ಪುತ್ತೂರಿಗೆ ಹೋಗುವ ದಾರಿಯಲ್ಲಿ ಅವಳು ಅಪ್ಪನ ಕೈಗೆ ಸುತ್ತಿದ ಬೈರಾಸು ಟವೆಲನ್ನು ಅಮುಕಿ ಹಿಡಿದುಕೊಂಡೇ ಎಲ್ಲ ಹೇಳಿದಳು. ಬೈರಾಸಿನ ಬಣ್ಣ ಯಾವುದಿತ್ತೆಂದು ಆಗಲೇ ಗೊತ್ತಾಗುತ್ತಿರಲಿಲ್ಲ. ಕಾಲೇಜಿನ ಪ್ರಾಜೆಕ್ಟಿಗೆಂದು ಅವಳು 'ಕೋಡ್ ಕಟ್ಟೆ' ಎಂಬ ಆನ್‌ಲೈನ್ ಗುಂಪಿನಲ್ಲಿ ಕೇಳಿದ್ದಳಂತೆ. ಅಲ್ಲಿ ಪಂಪಿಗೆಂದು ಬರೆದ ಒಂದು ಪ್ರೋಗ್ರಾಮ್ ಇತ್ತು. ಕರೆಂಟು ಹೋಗುವಾಗ ಮೋಟಾರು ಓಡುತ್ತಿದ್ದರೆ ಅದನ್ನು ನೆನಪಿಟ್ಟುಕೊಂಡು, ಕರೆಂಟು ಬಂದಾಗ ಮತ್ತೆ ಓಡಿಸುತ್ತದೆ. ಪಂಪಿಗೆ ಅದು ಒಳ್ಳೆಯದೇ, ರೈತ ತೋಟದ ಆ ತುದಿಗೆ ಓಡಬೇಕಾಗಿಲ್ಲ. ಸುಲಿಯುವ ಯಂತ್ರಕ್ಕೂ ಆಗುತ್ತದೆಯೇ ಎಂದು ಇವಳು ಕೇಳಿದಳು, ಆಗುತ್ತದೆ ಎಂದು ಉತ್ತರ ಬಂತು. ಉತ್ತರ ಕೊಟ್ಟವನು ಕಟ್ಟೆಯ ಯಜಮಾನ ವಿಷ್ಣುಪ್ರಸಾದ್. ಅದನ್ನು ಎಲ್ಲರಿಗೂ ಕಾಣುವಂತೆ ಮೇಲೆ ಅಂಟಿಸಿದವನೂ ಅವನೇ.

ಆ ಪ್ರಶ್ನೆ ನನಗೆ ನೆನಪಿತ್ತು. ಬೇರೆ ಹೆಸರಿನಲ್ಲಿ ಕೇಳಿದವಳು ಇವಳೆಂದು ಗೊತ್ತಿರಲಿಲ್ಲ. ನಾನು ಅದರ ಕೆಳಗೆ ಬರೆದಿದ್ದೆ: 'ಇದನ್ನು ಸುಲಿಯುವ ಮಿಶನಿಗೆ ಹಾಕಬಹುದು ಅಂದವನ ತಲೆಯಲ್ಲಿ ಸೆಗಣಿ ತುಂಬಿದೆ. ಕರೆಂಟು ಹೋದಾಗ ಜನ ಅದರ ಬಾಯಿಗೆ ಕೈ ಹಾಕುತ್ತಾರೆ. ಬಂದಾಗ ಕೈ ಒಳಗೇ ಇರುತ್ತದೆ, ಮಂಗ.' ಸ್ವಲ್ಪ ಹೊತ್ತಿನಲ್ಲೇ ಅದು ಮಾಯವಾಯಿತು. 'ಅಸಭ್ಯ ಭಾಷೆ' ಎಂದು ಕಾರಣ ಕೊಟ್ಟು ನನ್ನನ್ನೂ ಹೊರಗೆ ಹಾಕಿದರು. ಹಾಳಾಗಿ ಹೋಗಲಿ ಎಂದು ನಾನೂ ಸುಮ್ಮನಾದೆ.

ಆ ಕಟ್ಟೆ ಕೆಟ್ಟ ಜಾಗವೇನೂ ಅಲ್ಲ. ಕನ್ನಡದಲ್ಲಿ ಪ್ರೋಗ್ರಾಮಿಂಗ್ ಮಾತಾಡುವ ಗುಂಪುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬೆಳಗಾದರೆ ಗುಲಾಬಿ ಹೂವಿನ ಶುಭೋದಯ, ಮಧ್ಯಾಹ್ನ ಕೆಲಸ ಕೊಡಿಸುವವರ ಜಾಹೀರಾತು, ಸಂಜೆ ರಾಜಕೀಯದ ಹೊಡೆದಾಟ. ವಿಷ್ಣುಪ್ರಸಾದ್ ಅದಕ್ಕೆಲ್ಲ ಆಸ್ಪದ ಕೊಡಲಿಲ್ಲ. ಪ್ರಶ್ನೆ ಕೇಳುವ ಮೊದಲು ನೀವೇನು ಪ್ರಯತ್ನಿಸಿದಿರಿ ಎಂದು ಬರೆಯಬೇಕು. ಹೊಸಬರ ಬರಹವನ್ನು ಅವನು ಓದಿ ಒಪ್ಪಿದ ಮೇಲೆಯೇ ಹೊರಗೆ ಬಿಡುವುದು. ಸದಸ್ಯರು ಒಬ್ಬರಿಗೊಬ್ಬರು ಖಾಸಗಿಯಾಗಿ ಬರೆಯುವಂತಿಲ್ಲ. ಒಳ್ಳೆಯ ಉತ್ತರ ಸಿಕ್ಕ ಪ್ರಶ್ನೆಗೆ ಬಾಗಿಲು ಹಾಕಿ, ಚರ್ಚೆ ಮುಗಿದಿದೆ ಎಂದು ಫಲಕ. ಕಸ ಬೀಳದಂತೆ ಕಟ್ಟೆಗೆ ಒಳ್ಳೆಯ ಬೇಲಿ ಹಾಕಿದ್ದ. ಅಂಥ ಜಾಗದಲ್ಲಿ ಕಂಡದ್ದರ ಮೇಲೆ ಯಾರೂ ಸಂಶಯಪಡುವುದಿಲ್ಲ, ನನಗೆ ಸಿಟ್ಟು ಬಂದದ್ದು ಅದಕ್ಕೇ.

ನನ್ನನ್ನು ಯಾಕೆ ಕೇಳಲಿಲ್ಲ ಎಂದು ಭವಿತಾಳ ಮೇಲೆ ರೇಗಿದೆ. ಕೇಳಿದರೆ ನಾನು ಬೈಯುತ್ತೇನೆಂದು ಕೇಳಲಿಲ್ಲವಂತೆ. ಹಾಗೆಂದವಳು ಇನ್ನೊಂದು ಕೈಯಲ್ಲಿ ಫೋನನ್ನು ನನ್ನ ಮುಖದ ಮುಂದೆ ಹಿಡಿದಳು.

"ಕಡಬಲಿ ಇನ್ನೊಂದ್ ಮಿಶನ್ ಉಟ್ಟು, ಬಾವ."

ಕಡಬದ ಹರಿಪ್ರಸಾದ್ ಎಂಬವನು ತನ್ನ ಸುಲಿಯುವ ಯಂತ್ರದ ಫೋಟೋವನ್ನು ಬೆಳಿಗ್ಗೆಯೇ ಕಟ್ಟೆಯಲ್ಲಿ ಹಾಕಿದ್ದ. ಅದೇ ಡಬ್ಬಿ, ಅದೇ ಬೋರ್ಡ್. ಕೂರಿಸಿ ಆಯಿತು, ಮಧ್ಯಾಹ್ನದಿಂದ ಸುಲಿಯುವುದು, ಕಟ್ಟೆಗೆ ಧನ್ಯವಾದ ಎಂದು ಬರೆದಿದ್ದ. ಭವಿತಾ ರಕ್ತದ ಕೈಯಲ್ಲೇ ಅಪ್ಪನಿಗೆ ಆದದ್ದನ್ನು ಕಟ್ಟೆಗೆ ಬರೆದು ಕಳಿಸಿದ್ದಳು. ಅವಳ ಬರಹದ ಪಕ್ಕದಲ್ಲಿ 'ಪರಿಶೀಲನೆಯಲ್ಲಿದೆ' ಎಂದು ಕಾಣುತ್ತಿತ್ತು. ವಿಷ್ಣುಪ್ರಸಾದನಿಗೆ ಕರೆ ಮಾಡಿದರೆ ಅವನು ಎತ್ತಲಿಲ್ಲ.

ಮಾವನನ್ನು ಆಸ್ಪತ್ರೆಯ ಒಳಗೆ ಕಳಿಸಿ, ಪರಿಚಯದವರ ಬೈಕ್ ಹಿಡಿದು ನಾನು ಪುತ್ತೂರು ಪೇಟೆಯ ದರ್ಬೆಗೆ, ವಿಷ್ಣುಪ್ರಸಾದನಲ್ಲಿಗೆ ಹೋದೆ. ಮುಖ್ಯರಸ್ತೆಯಲ್ಲಿ, ಔಷಧದ ಅಂಗಡಿಯ ಮಾಳಿಗೆಯಲ್ಲಿ ಅವನ ಆಫೀಸು. ಎರಡೆರಡು ಸ್ಕ್ರೀನು ಇಟ್ಟುಕೊಂಡು, ಫೋನನ್ನು ಮೌನಕ್ಕೆ ಹಾಕಿ, ಕಟ್ಟೆಯ ಬಾಕಿ ಬರಹಗಳನ್ನು ಒಂದೊಂದಾಗಿ ಓದುತ್ತ ಕೂತಿದ್ದ. ನನ್ನ ಗುರುತು ಸಿಕ್ಕಿತು. ಅಂಗಿಯ ರಕ್ತ ನೋಡಿ ಒಮ್ಮೆ ಹಿಂದೆ ಸರಿದ. ಆ ಉತ್ತರ ಈಗಲೇ ತೆಗೆಯಬೇಕು ಎಂದೆ. ಅವನು ಎದ್ದು ನಿಂತು ಕುರ್ಚಿ ತೋರಿಸಿದ.

"ಕೂತ್ಕೊಳ್ಳಿ ಉಲ್ಲಾಸರೇ. ನಿಮ್ಮದು ಎಂತ ತಕರಾರು ಉಂಟೋ, ಮನವಿ ಹಾಕಿ. ಎಲ್ಲರಿಗೂ ಒಂದೇ ನಿಯಮ ಮಾರಾಯ್ರೆ."

ನಾನು ಹೊಡೆದೆ. ಯೋಚಿಸಿ ಹೊಡೆದದ್ದಲ್ಲ, ಕೈ ತಾನೇ ಹೋಯಿತು. ಮೊದಲ ಪೆಟ್ಟಿಗೆ ಕನ್ನಡಕ ಹಾರಿತು, ಎರಡನೆಯದಕ್ಕೆ ತುಟಿ ಒಡೆಯಿತು. ಅವನು ಮೇಜಿನ ಮೇಲೆ ಬಿದ್ದ, ಒಂದು ಸ್ಕ್ರೀನು ನೆಲಕ್ಕೆ ಬಿದ್ದು ಒಡೆಯಿತು. ಕೊರಳಪಟ್ಟಿ ಹಿಡಿದು ಎತ್ತಿ ಉಳಿದ ಸ್ಕ್ರೀನಿನ ಮುಂದೆ ನಿಲ್ಲಿಸಿ, ಅವನ ಬಾಕಿ ಬರಹಗಳಲ್ಲಿ ಭವಿತಾಳದ್ದನ್ನು ಓದು ಎಂದೆ. ಅವನು ಓದಿದ. ಕನ್ನಡಕವಿಲ್ಲದೆ ಕಣ್ಣು ಕಿರಿದು ಮಾಡಿಕೊಂಡು, ಮೂಗನ್ನು ಸ್ಕ್ರೀನಿಗೆ ತಾಗಿಸುವಷ್ಟು ಬಗ್ಗಿ ಓದಿದ.

ಅವನು ಏನೋ ಬರೆಯಲು ಕೈ ಚಾಚಿದ. ನನಗೆ ತಡೆಯಲಾಗಲಿಲ್ಲ. ಅವನನ್ನು ದೂಡಿ ಅವನ ಖಾತೆಯಿಂದಲೇ ನಾನು ಬರೆದೆ. ಆ ಬೋರ್ಡ್ ಹಾಕಿದ ಬೇವರ್ಸಿಗಳೆಲ್ಲ ಈಗಲೇ ಕಿತ್ತು ಎಸೆಯಿರಿ, ಇಲ್ಲದಿದ್ದರೆ ಕೈ ಕತ್ತರಿಸಿ ಹೋಗುತ್ತದೆ ಎಂದು. ಬರೆದು ಮುಗಿಸಿ ಉಸಿರು ಬಿಡುವುದರೊಳಗೆ ಅದು ಅಳಿಸಿಹೋಯಿತು. ಕಟ್ಟೆಗೆ ಇನ್ನೊಬ್ಬಳು ನಿರ್ವಾಹಕಿ ಇದ್ದಳು, ಸಾಕ್ಷಿ ಎಂದು. 'ವಿಷ್ಣುಪ್ರಸಾದರ ಖಾತೆಯನ್ನು ಯಾರೋ ಕದ್ದಿದ್ದಾರೆ. ಅವರು ಇಂಥ ಭಾಷೆ ಬಳಸುವವರಲ್ಲ. ದಯವಿಟ್ಟು ನಿರ್ಲಕ್ಷಿಸಿ' ಎಂದು ಅವಳು ಬರೆದಳು. ಅದರ ಕೆಳಗೆ ಮೆಚ್ಚುಗೆಯ ಹೆಬ್ಬೆರಳುಗಳು ಸಾಲಾಗಿ ಬಂದವು, ಹರಿಪ್ರಸಾದನದ್ದೂ ಇತ್ತು. ಮರುಕ್ಷಣ ಅವಳು ಆ ಖಾತೆಗೇ ಬೀಗ ಹಾಕಿದಳು, ನಮ್ಮ ಸ್ಕ್ರೀನಿನಲ್ಲಿ ಕಟ್ಟೆಯೇ ಮುಚ್ಚಿಹೋಯಿತು.

ವಿಷ್ಣುಪ್ರಸಾದ್ ಸಾಕ್ಷಿಗೆ ಕರೆ ಮಾಡಿದ. ಅವಳು ಎತ್ತಲಿಲ್ಲ. ಕದ್ದ ಖಾತೆಯವರ ಕರೆ ಎತ್ತಬಾರದು ಎಂಬ ನಿಯಮವನ್ನು ಬರೆದವನೂ ಅವನೇ. ಹರಿಪ್ರಸಾದನ ನಂಬರು ಅವನಲ್ಲಿ ಇರಲಿಲ್ಲ, ಶೆಡ್ಡು ಮಾತ್ರ ಗೊತ್ತಿತ್ತು. ಕಡಬಕ್ಕೆ ಸ್ವಲ್ಪ ಮೊದಲು, ಮರದ ಮಿಲ್ಲಿನ ಹಿಂದೆ. ಅವನು ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡು ನನಗಿಂತ ಮೊದಲೇ ಮೆಟ್ಟಿಲು ಇಳಿದ.

ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕಡಬದ ದಾರಿ ಹಿಡಿದು ಸವಣೂರು ದಾಟಿದೆ. ಎದುರಿನ ಲಾರಿಗಳಿಗೆ ನಾನು ದಾರಿ ಬಿಡಲಿಲ್ಲ, ಅವರೇ ಬಿಟ್ಟರು. ಒಬ್ಬ ಡ್ರೈವರ್ ಕಿಟಕಿಯಿಂದ ಉಗಿದು ಬೈದ. ಶಾಂತಿಮೊಗರು ಸೇತುವೆಯ ಮೇಲೆ ವಿಷ್ಣುಪ್ರಸಾದ್ ನನ್ನ ಕಿವಿಯ ಹತ್ತಿರ ಬಾಯಿ ತಂದ. ಊದಿದ ತುಟಿಯಿಂದ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ.

"ನೀವು ಸರಿಯಾಗಿ ಹೇಳಿದ್ರೆ ನಾನು ಅಳಿಸ್ತಿರ್ಲಿಲ್ಲ."

"ಸರಿಯಾಗಿಯೇ ಹೇಳಿದ್ದೆ. ಚಂದ ಮಾಡಿ ಹೇಳ್ಲಿಲ್ಲ, ಅಷ್ಟೆ."

"ಸೆಗಣಿ ಅಂತ ಕಂಡದ್ದೇ ಅಳಿಸಿದೆ. ಕೆಳಗಿದ್ದದ್ದು ಓದ್ಲೇ ಇಲ್ಲ." ಅಷ್ಟಕ್ಕೇ ನಿಲ್ಲಿಸದೆ ಅವನು ಮತ್ತೆ ಹೇಳಿದ, "ನಿಮ್ಮಂಥವರನ್ನು ಹೊರಗೆ ಹಾಕಿದ ಮೇಲೆಯೇ ಅಲ್ಲಿ ಹುಡುಗಿಯರು ಬಾಯಿ ಬಿಟ್ಟದ್ದು. ಅದೂ ಸುಳ್ಳಲ್ಲ."

ಇಳಿಸಿ ಇನ್ನೆರಡು ಕೊಡೋಣ ಎನ್ನಿಸಿತು. ಭವಿತಾ ನನ್ನನ್ನು ಕೇಳದೆ ಅವನನ್ನು ಕೇಳಿದ್ದಳು ಎಂಬುದು ನೆನಪಾಯಿತು. ನಾನು ಬೈಕಿನ ವೇಗ ಹೆಚ್ಚಿಸಿದೆ.

ಮರದ ಮಿಲ್ಲಿನ ಗರಗಸ ಸದ್ದಿಲ್ಲದೆ ನಿಂತಿತ್ತು. ಕರೆಂಟು ಹೋಗಿತ್ತು.

ಶೆಡ್ಡಿನಲ್ಲಿ ನಾಲ್ಕಾರು ಜನ ಗೋಣಿಯ ಮೇಲೆ ಕೂತು ಚಾ ಕುಡಿಯುತ್ತಿದ್ದರು. ಯಂತ್ರದ ಮುಂದೆ ಗಟ್ಟಿಮುಟ್ಟಾದ ಯುವಕನೊಬ್ಬ ಮಂಡಿಯೂರಿ, ಅದರ ಬಾಯಿಯೊಳಗೆ ಭುಜದವರೆಗೆ ಕೈ ಇಳಿಸಿ ಸಿಪ್ಪೆ ಎಳೆಯುತ್ತಿದ್ದ. ಹರಿಪ್ರಸಾದ್ ಅವನೇ. ಗೇಟಿನಿಂದಲೇ ನಾನು ಕೈ ತೆಗೆ ಎಂದು ಬೊಬ್ಬೆ ಹಾಕಿದೆ, ಬಾಯಿಗೆ ಬಂದದ್ದೆಲ್ಲ ಬೈದೆ. ರಕ್ತದ ಅಂಗಿಯ ಅಪರಿಚಿತನನ್ನು ನೋಡಿ ಅವನ ಹುಬ್ಬು ಗಂಟಿಕ್ಕಿತು, ಕೈ ಮಾತ್ರ ಹೊರಗೆ ಬರಲಿಲ್ಲ. ವಿಷ್ಣುಪ್ರಸಾದ್ ಮುಂದೆ ಓಡಿ ಕೈಮುಗಿದು, ದಯವಿಟ್ಟು ಒಂದು ನಿಮಿಷ ಇತ್ತ ಬನ್ನಿ ಎಂದ. ಹರಿಪ್ರಸಾದನ ಮುಖ ಅರಳಿತು.

"ಓ, ವಿಷ್ಣು ಸರ್. ಬನ್ನಿ ಬನ್ನಿ. ಮುಖಕ್ಕೆ ಎಂತ ಆಯ್ತು? ಕರೆಂಟಿಲ್ಲ ಸರ್, ಹೆದರುದು ಬೇಡ. ಇನ್ನು ಸ್ವಲ್ಪ ಉಂಟು, ತೆಗೆದು ಬಂದೆ."

ಅವನು ಮತ್ತೆ ಯಂತ್ರದ ಕಡೆ ತಿರುಗಿ ಭುಜವನ್ನು ಇನ್ನಷ್ಟು ಒಳಗೆ ತೂರಿಸಿದ.

ನಾನು ಓಡಿಹೋಗಿ ಅವನ ಪಕ್ಕೆಲುಬಿಗೆ ಒದ್ದೆ. ಅವನು ಮಗುಚಲಿಲ್ಲ. ಕೂದಲು ಹಿಡಿದು, ಕಾಲನ್ನು ಯಂತ್ರಕ್ಕೆ ಒತ್ತಿ, ಎರಡೂ ಕೈಯಿಂದ ಎಳೆದೆ. ತಗಡಿನ ಅಂಚಿಗೆ ತೋಳು ಉಜ್ಜಿ ಚರ್ಮ ಸುಲಿಯಿತು. ಅವನು ಗೋಳಿಟ್ಟು ನನ್ನ ಮೇಲೆಯೇ ಬಿದ್ದ. ನಾನು ಬಿಡಲಿಲ್ಲ. ಅವನನ್ನು ಅಪ್ಪಿ ಹಿಡಿದು ಸಿಪ್ಪೆಯ ರಾಶಿಯವರೆಗೆ ಉರುಳಿದೆ. ಅವನು ನನ್ನ ಭುಜ ಕಚ್ಚಿದ.

ಅಷ್ಟರಲ್ಲಿ ಚಾ ಕುಡಿಯುತ್ತಿದ್ದವರೆಲ್ಲ ಬಂದು ಮುಗಿಬಿದ್ದರು. ಅವರ ಮುಂದಾಳು ತ್ಯಾಂಪಣ್ಣ ಎಂಬ ಹಿರಿಯ ಮರದ ರೀಪಿನ ತುಂಡಿನಿಂದ ನನ್ನ ಬೆನ್ನಿಗೆ ಬಾರಿಸಿದ. ಮತ್ತೊಬ್ಬ ಹೊಟ್ಟೆಗೆ ಒದ್ದ. ಮೂಗಿನ ಎಲುಬು ಮುರಿದ ಸದ್ದು ನನಗೇ ಕೇಳಿಸಿತು. ಬೋರ್ಡ್, ಬೋರ್ಡ್ ಎಂದು ನಾನು ಹೇಳುತ್ತಿದ್ದೆ, ಬಾಯಿ ತುಂಬ ರಕ್ತ, ಶಬ್ದ ಹೊರಡಲಿಲ್ಲ. ವಿಷ್ಣುಪ್ರಸಾದ್ ನನ್ನ ಮೇಲೆ ಅಡ್ಡ ಬಿದ್ದ, ರೀಪಿನ ಮುಂದಿನ ಪೆಟ್ಟು ಅವನ ತಲೆಗೆ ಬಿತ್ತು. ಹರಿಪ್ರಸಾದ್ ಎದ್ದು, ಅವನನ್ನು ಪಕ್ಕಕ್ಕೆ ಎಳೆದು ಹಾಕಿ, ನನ್ನ ಕುತ್ತಿಗೆಯನ್ನು ಎರಡೂ ಕೈಯಿಂದ ಅದುಮಿದ. ಅವನ ಕಣ್ಣಿನಲ್ಲಿ ನನ್ನನ್ನು ಕೊಲ್ಲುವಷ್ಟು ಸಿಟ್ಟಿತ್ತು. ನನಗೆ ಹೆದರಿಕೆಯಾಯಿತು. ಸಾಯುತ್ತೇನೆ ಎಂದೇ ಅಂದುಕೊಂಡೆ.

ಶೆಡ್ಡಿನ ಬಲ್ಬು ಹತ್ತಿತು. ಒಂದೆರಡು ಉಸಿರು ಕಳೆದು ಯಂತ್ರ ಓಡತೊಡಗಿತು. ಹಲ್ಲಿನ ಉರುಳೆ ಗರಗರನೆ ತಿರುಗಿ, ಗಂಟಲಲ್ಲಿ ಉಳಿದಿದ್ದ ಸಿಪ್ಪೆಯನ್ನು ಪುಡಿ ಮಾಡಿ ಆಚೆಗೆ ಉಗುಳಿತು.

ತ್ಯಾಂಪಣ್ಣನ ರೀಪು ಮೇಲಕ್ಕೆ ಎತ್ತಿದಲ್ಲಿಯೇ ನಿಂತಿತು.

"ಯಾರು ಸ್ವಿಚ್ ಹಾಕಿದ್ದು?" ಎಂದ ಅವನು.

ಸ್ವಿಚ್ಚಿನ ಹತ್ತಿರ ಒಬ್ಬರೂ ಇರಲಿಲ್ಲ. ಆ ಶೆಡ್ಡಿನಲ್ಲಿದ್ದ ಕೈಗಳೆಲ್ಲ ನನ್ನ ಮೈಮೇಲಿದ್ದವು, ಹರಿಪ್ರಸಾದನ ಎರಡೂ ಕೈ ಸೇರಿ.