ವರ್ಲಿನ್‌ನ ಹನ್ನೊಂದು ಕೋವಿಗಳು

ನೆಡ್ರಾ ಸತ್ತ ಗಂಡ ವರ್ಲಿನ್‌ನ ಬೇಟೆಕೋಟಿನ ಜೇಬನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಕೆಂಪು, ಹಸಿರು, ಹಳದಿ ಕಾಡತೂಸುಗಳು ಉರುಳಿದವು. ಇನ್ನರ್ಧ ಗಂಟೆಗೆ ಶವಪೆಟ್ಟಿಗೆ ಗುಡ್ಡ ಹತ್ತಬೇಕು. ವರ್ಲಿನ್‌ನದೇ ನಾಲ್ಕು ಕೋವಿಗಳಿಂದ ನಾಲ್ವರು ಗುಂಡು ಹಾರಿಸಿ ಅವನನ್ನು ಕಳಿಸಿಕೊಡಬೇಕು. ಯಾವ ಕೋವಿಗೆ ಯಾವ ಕಾಡತೂಸೆಂದು ಹೇಳಬೇಕಾದವನೇ ಪೆಟ್ಟಿಗೆಯೊಳಗೆ ಮಲಗಿದ್ದ.

ಮೈದುನ ಕ್ಲೇಟನ್ ಬಂದು ಮೂರು ಬೆರಳಿನ ಎಡಗೈಯಲ್ಲಿ ಅವನ್ನು ಬೇರೆಬೇರೆ ಮಾಡತೊಡಗಿದ. "ನೋಡು, ನಿನಗೇ ಗೊತ್ತಾಗ್ತಿಲ್ಲ. ಹನ್ನೊಂದು ಕೋವಿ, ಏಳು ಥರದ ಮೇವು. ಕುರಿಮರಿಗೆ ತೋಳ ಬಿದ್ದ ದಿನ ಹುಡುಕ್ತಾ ಕೂರ್ತೀಯಾ?"

ಪೇಟೆಯ ವ್ಯಾಪಾರಿ ಸಂಜೆ ಬಂದು ಎಂಟು ಕೋವಿಗಳನ್ನು ಒಯ್ಯುವುದೆಂದು ಅವನೇ ಗೊತ್ತುಮಾಡಿದ್ದ. ಉಳಿಯುವ ಮೂರೂ ಹನ್ನೆರಡನೇ ನಂಬರಿನ ನಳಿಗೆಯವು, ಒಂದೇ ಥರದ ಕಾಡತೂಸು ಸಾಕು. ನೆಡ್ರಾ ಹೂಂ ಅಂದಿದ್ದಳು. ಅಂದಾಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಗಿನಿಂದ ಮೂರು ಸಲ ಕಾಫಿಗಿಟ್ಟು ಮೂರು ಸಲವೂ ಮರೆತಿದ್ದಳು.

*

ಇಪ್ಪತ್ತೆರಡು ವರ್ಷದ ಹಿಂದೆ ಬಾತುಕೋಳಿ ಬೇಟೆಯಲ್ಲಿ ಕ್ಲೇಟನ್ ಕೈಚಾಚಿದಾಗ ಅಣ್ಣ ನೋಡದೆ ಕೊಟ್ಟದ್ದು ಇಪ್ಪತ್ತನೇ ನಂಬರಿನ ಕಾಡತೂಸು. ಅದು ಸಣ್ಣದು. ತಮ್ಮನ ಹನ್ನೆರಡನೇ ನಂಬರಿನ ನಳಿಗೆಯೊಳಗೆ ಜಾರಿ ನಡುವೆ ಸಿಕ್ಕಿಕೊಂಡಿತು. ಗುಂಡು ಹಾರದ್ದರಿಂದ, ಖಾಲಿಯಿರಬೇಕೆಂದು ಕ್ಲೇಟನ್ ಹಿಂದಿನಿಂದ ಸರಿಯಾದದ್ದನ್ನೇ ತುರುಕಿ ಕುದುರೆ ಎಳೆದ. ನಳಿಗೆ ಸಿಡಿದು ಎರಡು ಬೆರಳು ಹೋದವು.

ಕ್ಲೇಟನ್ ತನ್ನ ಕೋವಿಗಳನ್ನೆಲ್ಲ ಮಾರಿ ಒಂದೇ ನಂಬರಿನ ಎರಡನ್ನು ಇಟ್ಟುಕೊಂಡ. ಅಣ್ಣನವನ್ನು ಮತ್ತೆ ಮುಟ್ಟಲಿಲ್ಲ. ವರ್ಲಿನ್ ತಾನೂ ಮಾರುತ್ತೇನೆಂದ. ಮಾರುವುದಿರಲಿ, ಇನ್ನೂ ನಾಲ್ಕು ತಂದ. ನೆಡ್ರಾ ಬೈದರೆ, "ಒಂದೇ ಬೂಟಲ್ಲಿ ಮದುವೆಗೂ ಕೊಟ್ಟಿಗೆಗೂ ಹೋಗೋಕಾಗುತ್ತೇನೇ?" ಅನ್ನುತ್ತಿದ್ದ. ತಪ್ಪಾಯಿತೆಂದು ಮಾತ್ರ ತಮ್ಮನಿಗೆ ಹೇಳಲೇ ಇಲ್ಲ.

*

ಗುಡ್ಡದ ಮೇಲೆ ಗಾಳಿ ಟೋಪಿಗಳನ್ನು ಎಳೆಯುತ್ತಿತ್ತು. ವರ್ಲಿನ್‌ನ ಗೆಳೆಯರು ಮೂವರೂ ತಮಗೆ ಬೇಕಾದ ಕೋವಿಯನ್ನು ಎತ್ತಿಕೊಂಡಿದ್ದರು. ಇಪ್ಪತ್ತನೇ ನಂಬರಿನದು ಕ್ಲೇಟನ್‌ಗೆ ಉಳಿಯಿತು. ಅವನು ಅದನ್ನೇ ಎತ್ತಿಕೊಂಡ.

ನೆಡ್ರಾ ಬೆನ್ನುತಿರುಗಿಸಿ ಬೇಲಿ ನೋಡುತ್ತ ನಿಂತಳು. ಮೊದಲ ಗುಂಡು ಹಾರಿತು. "ಹದಿನಾರು," ಎಂದು ಗೊಣಗಿದಳು. ಎರಡನೆಯದಕ್ಕೆ, "ಅವರಜ್ಜನದು." ಮೂರನೆಯದಕ್ಕೆ, "ಹನ್ನೆರಡು." ಆಮೇಲೆ ಗಾಳಿಯ ಸದ್ದೊಂದೇ.

"ಇಪ್ಪತ್ತು ಬಾಕಿ ಇದೆ, ಕ್ಲೇಟನ್," ಎಂದಳು, ತಿರುಗದೆ.

"ನೋಡದೇ ಹೇಗೆ ಗೊತ್ತಾಯ್ತು?"

"ನಲವತ್ತೊಂದು ವರ್ಷ ಅಡುಗೆಮನೆ ಕಿಟಕೀಲಿ ಕೇಳಿದೀನಿ."

ಅವನು ಕೋವಿಯನ್ನು ನಡುವೆ ಮಡಚಿ ತೆರೆದು, ನಳಿಗೆಯನ್ನು ಆಕಾಶಕ್ಕೆ ಹಿಡಿದು, ಒಳಗೆ ಬೆಳಕು ಕಾಣುವುದನ್ನು ಎರಡೆರಡು ಸಲ ನೋಡಿದ. ಕಾಡತೂಸು ಕೈಯಿಂದ ಜಾರಿ ಹುಲ್ಲಿಗೆ ಬಿತ್ತು. ಯಾರೂ ಬಗ್ಗಲಿಲ್ಲ. ಅವನೇ ಹೆಕ್ಕಿ, ತುಂಬಿ, ಹಾರಿಸಿದ. ಸದ್ದು ತೆಳ್ಳಗಿತ್ತು.

ಚರ್ಚಿನ ನೆಲಮಾಳಿಗೆಯಲ್ಲಿ ಊಟ ನಡೆದಿರುವಾಗಲೇ ವ್ಯಾಪಾರಿ ಪಟ್ಟಿ ಹಿಡಿದು ಬಂದ. ತಾನು ಬೇಗ ಬಂದೆನೇನೋ ಎಂದು ತಡವರಿಸಿ, ಎಂಟೂ ಸಿದ್ಧವಿವೆಯೇ ಎಂದು ಕೇಳಿದ. ಕ್ಲೇಟನ್ ತಲೆಯೆತ್ತಲಿಲ್ಲ. ಮಡಚಿ ತೆರೆದ ಇಪ್ಪತ್ತನೇ ನಂಬರಿನ ಕೋವಿ ಅವನ ತೊಡೆಯ ಮೇಲೆ ಅಡ್ಡ ಮಲಗಿತ್ತು. ಅದರ ಮೇಲೆ ಎಡಗೈ ಇತ್ತು.

"ಕೂತ್ಕೊಳ್ಳಿ, ಊಟ ಮಾಡಿ," ಎಂದಳು ನೆಡ್ರಾ. "ಕೊಡೋದೇನೂ ಇಲ್ಲ."

ಆಮೇಲೆ ಕ್ಲೇಟನ್‌ನ ತಟ್ಟೆಯನ್ನು ತನ್ನತ್ತ ಎಳೆದುಕೊಂಡು, ಅವನು ಆ ಕೈ ಎತ್ತಬೇಕಾಗದ ಹಾಗೆ, ಮಾಂಸವನ್ನು ಸಣ್ಣ ಸಣ್ಣ ಚೂರು ಮಾಡತೊಡಗಿದಳು.